ಕೊಲೆಗಾರರ ಜೊತೆ ಕನ್ನಡ

ಒಂಟಿ ಹೆಂಗಸೊಬ್ಬಳು ಕಂಪ್ಯೂಟರ್ ಮುಂದೆ ಕೂತು ಕೊಲೆಗಾರರನ್ನು ಹುಡುಕತೊಡಗಿದರೆ ಆಗಾಗ ಪೇಚಿಗೆ ಸಿಕ್ಕಿಬೀಳುವುದು ತಪ್ಪಿದ್ದಲ್ಲ. ನನಗಂತೂ ತಪ್ಪಿಲ್ಲ.

ನಾನು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಚೆಕ್ಕಿಂಗ್ ಕೆಲಸದವಳು. ಹೊಲಿದು ಬಂದ ಟೀ ಶರ್ಟನ್ನು ಬೆಳಕಿಗೆ ಹಿಡಿದು ತೂತು, ಕಲೆ, ಬಿಟ್ಟುಹೋದ ಹೊಲಿಗೆ ಹುಡುಕುವುದು ನನ್ನ ಕೆಲಸ. ಮದುವೆ ಆಗಲಿಲ್ಲ. ಅಮ್ಮನ ಜೊತೆ ಇದ್ದೆ. ಅವಳು ಎರಡು ವರ್ಷದ ಹಿಂದೆ ಹೋದಳು. ನಮ್ಮವರು ಅಜ್ಜನ ಅಜ್ಜನ ಕಾಲದಿಂದ ಈ ಕಡೆ ನೆಲೆಸಿದ ಕನ್ನಡ ಮಾತಿನ ನೇಕಾರರು. ಕನ್ನಡ ಏನಿದ್ದರೂ ಮನೆಯೊಳಗೆ, ಹೊಸಿಲು ದಾಟಿದರೆ ತಮಿಳು. ಅಮ್ಮ ಹೋದ ಮೇಲೆ ಮನೆಯೊಳಗೆ ಕನ್ನಡ ಆಡಲು ಯಾರೂ ಉಳಿಯಲಿಲ್ಲ.

ಕೊಯಮತ್ತೂರಿನಲ್ಲಿರುವ ತಂಗಿಯ ಮಗಳು ತನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟು, "ಸುಮ್ನೆ ಕೂರಬೇಡ ದೊಡ್ಡಮ್ಮ, ಆಡು" ಅಂತ ಒಂದು ಪತ್ತೇದಾರಿ ಆಟ ಹಾಕಿಕೊಟ್ಟಳು. ಅಂದಿನಿಂದ ಆಟದೊಳಗಿನ ಹತ್ತು ಹನ್ನೆರಡು ಬಂಗಲೆ ಸುತ್ತಿದ್ದೇನೆ. ಗಡಿಯಾರ ಓಡಿಸಿ ಅವಸರ ಮಾಡುವ ಆಟ ನನಗೆ ಆಗದು. ಅದನ್ನು ಕಂಪನಿಯಲ್ಲಿ ಬೇಕಾದಷ್ಟು ಅನುಭವಿಸುತ್ತೇನೆ. ಚೌಕಗಳನ್ನು ಅತ್ತಿತ್ತ ಸರಿಸಿ ಚಿತ್ರ ಜೋಡಿಸುವ ಒಗಟು ಮಾಡಿದವನು ಎದುರು ಸಿಕ್ಕರೆ ನಾಲ್ಕು ಮಾತು ಆಡುವುದಿದೆ. ಆದರೆ ಒಂದು ಇಷ್ಟ. ಎಷ್ಟೋ ಬಂಗಲೆಗಳಲ್ಲಿ ನರಪಿಳ್ಳೆಯೂ ಇರುವುದಿಲ್ಲ, ಆದರೂ ಬಾಗಿಲು ತೆರೆದರೆ ಒಳಗೆ ದೀಪ ಉರಿಯುತ್ತಿರುತ್ತದೆ. ನನ್ನ ಮನೆಯಲ್ಲಿ ನಾನೇ ಹೋಗಿ ಹಾಕಬೇಕು.

ಹನ್ನೆರಡನೇ ಹಕ್ಕಿ

ಅವಳು ಹಾಕಿಕೊಟ್ಟ ಆ ಮೊದಲ ಆಟದಲ್ಲಿ ಚಿತ್ರದೊಳಗೆ ಅಡಗಿದ ಸಾಮಾನು ಹುಡುಕಬೇಕು. ಚಮಚ, ಕತ್ತರಿ, ಹನ್ನೆರಡು ಹಕ್ಕಿ, ಹೀಗೆ. ಒಂದು ತಿಂಗಳು ಬಿಡದೆ ಆಡಿದೆ. ಆಗ ಕಂಪನಿಗೆ ಎಲೆ, ಬಳ್ಳಿ, ಹಕ್ಕಿ ಅಚ್ಚಾದ ಮಕ್ಕಳ ಟೀ ಶರ್ಟಿನ ಆರ್ಡರ್ ಬಂತು. ನನ್ನ ಮೇಜಿನ ಮೇಲೆ ಬಟ್ಟೆ ರಾಶಿ ಬೀಳುತ್ತಿದೆ, ನಾನು ಒಂದೇ ಶರ್ಟು ಹಿಡಿದು ನಿಂತಿದ್ದೇನೆ.

ಸೂಪರ್‌ವೈಸರ್ ಬಂದ. "ಏನಕ್ಕಾ, ಡ್ಯಾಮೇಜಾ?"

"ಹನ್ನೊಂದು ಹಕ್ಕಿ ಇದೆ. ಇನ್ನೊಂದು ಕಾಣಿಸ್ತಿಲ್ಲ."

ಅವನು ಗಾಬರಿಯಾಗಿ ಪ್ರಿಂಟಿಂಗ್ ವಿಭಾಗದ ಹಿರಿಯರನ್ನು ಕರೆತಂದ. ಹನ್ನೆರಡು ಇರಬೇಕು ಅಂತ ಯಾರು ಹೇಳಿದರು ಎಂದು ಇಬ್ಬರೂ ಕೇಳಲಿಲ್ಲ. ಮೂವರೂ ತಲೆಗೆ ತಲೆ ತಾಗಿಸಿ ಹುಡುಕಿದೆವು. ಕೊನೆಗೆ ಹಿರಿಯರು ತೋಳಿನ ಹೊಲಿಗೆಯ ಹತ್ತಿರ ಬೆರಳಿಟ್ಟು, "ಇಗೋ, ಅರ್ಧ ಹೊಲಿಗೆ ಒಳಗೆ ಹೋಗಿದೆ" ಅಂದರು. ಸೂಪರ್‌ವೈಸರ್ ನಿಟ್ಟುಸಿರು ಬಿಟ್ಟ.

ನನಗೆ ಮಾತ್ರ ಸಿಟ್ಟು ಬಂತು. ನಾನು ಅವರ ಹತ್ತಿರ ಸುಳಿವು ಕೇಳಿರಲಿಲ್ಲ.

ಒಳಗೆ ಯಾರೂ ಇಲ್ಲ

ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಬೀಗದ ಕೈ ಕಳೆದಿದೆ. ಇನ್ನೊಂದು ಕೀಲಿ ಇದ್ದದ್ದು ಕೆಳಗಿನ ಮನೆ ಓನರಕ್ಕನ ಹತ್ತಿರ, ಅವರು ಸೋಮನೂರಿಗೆ ಮದುವೆಗೆ ಹೋಗಿದ್ದರು. ನಾನು ಎದೆಗುಂದಲಿಲ್ಲ. ಆಟದಲ್ಲಿ ಇಂಥ ಎಷ್ಟು ಬಾಗಿಲು ನೋಡಿಲ್ಲ ನಾನು? ತುಳಸಿ ಕುಂಡ ಎತ್ತಿದೆ. ಮೀಟರ್ ಪೆಟ್ಟಿಗೆಯ ಹಿಂದೆ ಕೈಯಾಡಿಸಿದೆ. ಮೆಟ್ಟಿಲ ಪಕ್ಕದ ಇಟ್ಟಿಗೆ ಒಂದೊಂದಾಗಿ ಸರಿಸಿದೆ. ನನ್ನ ಮನೆಯ ಕೀಲಿಯನ್ನು ನಾನೇ ಅಲ್ಲೆಲ್ಲೂ ಇಟ್ಟಿಲ್ಲ ಎಂಬುದು ಅರ್ಧ ಗಂಟೆಯ ನಂತರ ನೆನಪಾಯಿತು.

ಬೀಗ ರಿಪೇರಿಯವನನ್ನು ಕರೆಸಿದೆ. ಅವನು ಒಂದು ತಂತಿ ತೂರಿಸಿ ಎರಡು ನಿಮಿಷದಲ್ಲಿ ತೆರೆದ. ಇಂಥವನೊಬ್ಬ ಇದ್ದಿದ್ದರೆ ನಾನಾಡುವ ಆಟಗಳೆಲ್ಲ ಕಾಫಿ ಆರುವುದರೊಳಗೆ ಮುಗಿಯುತ್ತಿದ್ದವು. ಬಾಗಿಲು ತಳ್ಳುವ ಮೊದಲು ಅವನಿಗೆ ಅನುಮಾನ ಬಂತು. ಇದು ಇವಳದ್ದೇ ಮನೆ ಅಂತ ಏನು ಗ್ಯಾರಂಟಿ?

"ಒಳಗೆ ಯಾರಿದ್ದಾರಮ್ಮ?"

"ಯಾರೂ ಇಲ್ಲ. ನಾನೊಬ್ಬಳೇ ಇರೋದು."

"ನೀವು ಹೊರಗಿದ್ದೀರಲ್ಲ."

"ಅದಕ್ಕೇ ಒಳಗೆ ಯಾರೂ ಇಲ್ಲ."

ಅವನು ಚೀಲ ಎತ್ತಿಕೊಂಡು ಹೊರಟ.

ಬಸ್ಸಿನಲ್ಲಿ ಹೆಣ

ತಂಗಿಯ ಮಗಳು ತಾನಾಗಿ ಫೋನ್ ಮಾಡುವುದು ಕಡಿಮೆ. ಅವಳಿಗೂ ಕೆಲಸ, ಓಡಾಟ. ನಾನೇ ಮಾಡಿ "ಸುಮ್ನೆ ಮಾಡಿದೆ" ಅಂದರೆ ಎರಡು ಮಾತಿಗೆ ಇಟ್ಟುಬಿಡುತ್ತಾಳೆ. "ಆಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ" ಅಂದರೆ ಹತ್ತು ನಿಮಿಷ ಮಾತಾಡುತ್ತಾಳೆ. ಹಾಗಾಗಿ ಬಿಡಿಸಿ ಮುಗಿಸಿದ ಒಗಟನ್ನೂ ನಾನು ಅವಳನ್ನು ಕೇಳುವುದುಂಟು.

ಒಂದು ದಿನ ನಾನು ಹಾಗೇ ಫೋನ್ ಮಾಡಿದಾಗ ಅವಳು ಗಾಂಧಿಪುರಂನಲ್ಲಿ ಬಸ್ಸು ಹತ್ತಿ ಕೂತಿದ್ದಳು. ಸುತ್ತಲೂ ತಮಿಳರು, ಯಾರಿಗೆ ಅರ್ಥವಾಗುತ್ತದೆ ಅಂತ ಜೋರಾಗಿ ಕನ್ನಡದಲ್ಲೇ ಕೇಳಿದಳು: "ಹೆಣ ಎಲ್ಲಿ ದೊಡ್ಡಮ್ಮ? ಬಾವಿಗೆ ಹಾಕಿದ್ರಾ? ರಕ್ತದ ಸೀರೆ ಸುಟ್ಟಾಯ್ತಾ?"

"ಸೀರೆ ಪೆಟ್ಟಿಗೇಲಿದೆ. ಬಾವೀಲಿ ಏನೂ ಇಲ್ಲ."

ಅಷ್ಟರಲ್ಲಿ ಫೋನಿನಲ್ಲಿ ವಯಸ್ಸಾದ ಗಂಡಸಿನ ದನಿ ಕೇಳಿತು. ಪಕ್ಕದ ಸೀಟಿನವರು. ನಮ್ಮ ಮನೆಯ ಧಾಟಿಯದ್ದೇ ಕನ್ನಡ. "ತೋಟದವನನ್ನ ವಿಚಾರಿಸಿ ಮ್ಮಾ. ಬಾವಿ ವಿಷಯ ಅವನಿಗೇ ಗೊತ್ತಿರೋದು."

ಇದು ಕಂಪ್ಯೂಟರ್ ಆಟ ಅಂತ ನಾನೇ ಕೂಗಿ ಹೇಳಿದೆ.

"ಅದು ಗೊತ್ತಾಯ್ತು," ಅಂದರು ಅವರು. "ಆದ್ರೆ ನಾನು ಸಿಂಗಾನಲ್ಲೂರಲ್ಲಿ ಇಳೀಬೇಕು. ಕೊಂದಿದ್ದು ಯಾರು ಅಂತ ಅಷ್ಟರೊಳಗೆ ಹೇಳಿಬಿಡಿ."

ನನಗೆ ಗೊತ್ತಿತ್ತು. ಆದರೆ ಗೊತ್ತಿಲ್ಲ ಅಂತ ಫೋನ್ ಮಾಡಿದವಳು ಹೇಗೆ ಹೇಳಲಿ? ಪಾಪ, ತೋಟದವನ ಮೇಲೆ ಅನುಮಾನ ಇಟ್ಟುಕೊಂಡೇ ಇಳಿದುಹೋದರು. ಅಮ್ಮ ಹೋದ ಮೇಲೆ ಅಷ್ಟು ಆತ್ಮೀಯವಾಗಿ ಯಾರೂ ನನ್ನ ಜೊತೆ ಕನ್ನಡ ಮಾತಾಡಿರಲಿಲ್ಲ.

ಎದುರು ಮಾತಾಡದವನು

ಆಟದಲ್ಲಿ ಅನುಮಾನದ ಜನರನ್ನು ಎದುರು ಕೂರಿಸಿ ವಿಚಾರಣೆ ಮಾಡಬೇಕು. ಅದು ಗುಂಡಿ ಒತ್ತಿ ಮಾಡುವ ಕೆಲಸ, ಬಾಯಿ ಬೇಕಿಲ್ಲ. ನಾನು ಮಾತ್ರ ಬಾಯಿಬಿಟ್ಟು ಕನ್ನಡದಲ್ಲೇ ಕೇಳುತ್ತೇನೆ. ಬೇರೆ ಯಾರ ಹತ್ತಿರ ಆಡಲಿ? ಒಂದು ಭಾನುವಾರ ಬೆಳಿಗ್ಗೆ ಹಾಗೇ ಒಬ್ಬನನ್ನು ಹಿಡಿದು ಜಾಡಿಸುತ್ತಿದ್ದೆ: "ಸುಳ್ಳು ಹೇಳಬೇಡ. ನಿನ್ನೆ ಸಾಯಂಕಾಲ ಎಲ್ಲಿದ್ದೆ? ಕೋಟಿನ ಮೇಲೆ ಅದ್ಯಾರ ಕೂದಲು?"

ಬಾಗಿಲು ಬಡಿದ ಸದ್ದಾಯಿತು. ಓನರಕ್ಕ, ಕೈಯಲ್ಲಿ ಬಿಸಿ ಬಿಸಿ ಅರಿಶಿ ಪರುಪ್ಪು ಸಾದದ, ಅಂದರೆ ಅಕ್ಕಿ ಬೇಳೆ ಅನ್ನದ ಪಾತ್ರೆ. ಇಬ್ಬರಿಗೆ ಸಾಕಾಗುವಷ್ಟು ಇತ್ತು. ಅವರು ಪಾತ್ರೆ ನನಗೆ ಕೊಡದೆ, ಬಾಗಿಲ ಹಿಂದೆ, ಬಚ್ಚಲ ಕಡೆ ಕಣ್ಣಾಡಿಸಿದರು. ಅವರಿಗೆ ಕನ್ನಡ ಬರದು. ಆದರೆ ಜಗಳದ ರಾಗಕ್ಕೆ ಭಾಷೆ ಯಾಕೆ?

"ಅಮ್ಮಿಣಿ," ಅಂದರು ಮೆಲ್ಲಗೆ ತಮಿಳಿನಲ್ಲಿ, "ನನ್ನ ಹತ್ರ ಮುಚ್ಚಿಡಬೇಡ. ತಿಂಗಳಿಂದ ಕೇಳ್ತಿದ್ದೀನಿ. ನೀನು ಅಷ್ಟು ಬೈತೀಯ, ಆ ಮನುಷ್ಯ ಒಂದು ಸಲಾನೂ ಎದುರು ಮಾತಾಡಿಲ್ಲ. ಇಂಥವರು ಸಿಗಲ್ಲ. ಬಿಟ್ಟುಕೊಡಬೇಡ."

ಕೈ ಹಿಡಿದು ಕರೆದುಕೊಂಡು ಹೋಗಿ ಲ್ಯಾಪ್‌ಟಾಪ್ ತೋರಿಸಿದೆ. ಪರದೆಯ ತುಂಬ ಅವನೇ ಕೂತಿದ್ದ. ತಿದ್ದಿದ ಮೀಸೆ, ಕರಿ ಕೋಟು, ತಗ್ಗಿಸಿದ ತಲೆ.

ಓನರಕ್ಕ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಆಳು ಲಕ್ಷಣವಾಗೇ ಇದ್ದಾನೆ."

"ಅಕ್ಕಾ, ಇದು ಬೊಂಬೆ. ಆಟ. ಅದೂ ಅಲ್ಲದೆ ಅವನು ಕೊಲೆಗಾರ."

"ಯಾರನ್ನ ಕೊಂದ?"

"ಹೆಂಡತಿಯನ್ನ."

ಅವರು ಪಾತ್ರೆಯನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಅವನನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ಹಾಗಾದ್ರೆ," ಅಂದರು, "ಈಗ ಅವನೂ ಒಬ್ಬನೇ ಅನ್ನು."