ಎಲ್ಲರೂ ಹೂಂ ಅಂದ ಖೋಲಿ

"ಲೇ ಶಫೀಕ, ಐದನೇತ್ತಾದಾಗ ಪಾಟಿಚೀಲ ಒಗದು ಶಾಲಿ ಬಿಟ್ಟು ಓಡಿಹೋದಾಂವ ನೀ. ನಿನಗ್ಯಾಕಲೇ ಶಾಲಿ ಸುಧಾರಣಿ? ಹತ್ತಿ ಹಿಂಜಕೊಂತ ಬಿದ್ದಿರು ಹೋಗು!"

ಹೇಳಿದವನು ಊರಿನ ದೊಡ್ಡ ರೈತ ಮೈಲಾರಪ್ಪ. ಹೇಳಿದ್ದು ಶಾಲೆಯ ಅಂಗಳದಲ್ಲಿ, ಪಾಲಕರ ಸಭೆಯಲ್ಲಿ, ಅರ್ಧ ಊರಿನ ಎದುರು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಾದಿ ಹೊಲಿಯುವ ಶಫೀಕನ ಮುಖ ಮಾತ್ರ ಕಣದಲ್ಲಿ ಹರವಿದ ಮೆಣಸಿನಕಾಯಿಯಂತೆ ಕೆಂಪಗಾಯಿತು.

ಅವನು ಕೇಳಿದ್ದಾದರೂ ಏನು? ಆರನೇ ತರಗತಿಯ ಖೋಲಿಯನ್ನು ಆರನೇ ತರಗತಿಗೆ ಬಿಟ್ಟುಕೊಡಿ ಎಂದು. ಅಷ್ಟೇ. ಆ ಖೋಲಿಯಲ್ಲಿ ಮೈಲಾರಪ್ಪನ ಉಳ್ಳಾಗಡ್ಡಿ ಚೀಲಗಳು, ಮಹಿಳಾ ಸಂಘದ ಮದುವೆಯ ಭಾಂಡಿಗಳು, ಹುಲಿಗೇಶನ ಡಿಜೆ ಸ್ಪೀಕರ್ ಡಬ್ಬಿಗಳು 'ಎರಡು ದಿನ ಇರ್ಲಿ' ಎಂದು ಬಂದು ಸಂಸಾರವನ್ನೇ ಹೂಡಿದ್ದವು. ಮಕ್ಕಳು ಹೊರಗೆ. ನೆರಳು ಸರಿದಂತೆ ಅವರೂ ಸರಿಯಬೇಕು. ಗಣಿತ ಕಟ್ಟೆಯ ಮೇಲೆ ಶುರುವಾಗಿ ಬೇವಿನ ಬುಡದಲ್ಲಿ ಮುಗಿಯುತ್ತಿತ್ತು.

ಶಫೀಕನ ಮಗಳು ಮುನ್ನಿ ಅದೇ ತರಗತಿಯವಳು. "ಅಬ್ಬಾ, ದಿನಾ ನೆರಳಿನ ಹಿಂದ ತಿರುಗೂದಾದ್ರ ನಾ ಕುರೀನ ಕಾಯ್ತೀನಿ, ಶಾಲಿ ಒಲ್ಲೆ" ಎಂದು ಹಿಂದಿನ ದಿನ ಅಪ್ಪನಿಗೆ ಹೇಳಿದ್ದಳು. ಆ ಮಾತು ಶಫೀಕನಿಗೆ ದಬ್ಬಣದಂತೆ ಚುಚ್ಚಿತ್ತು. ಒಂದು ಮನೆಯಲ್ಲಿ ಶಾಲೆ ಬಿಟ್ಟವನು ಒಬ್ಬನಿದ್ದರೆ ಸಾಲದೇ?

ಮುಖ್ಯೋಪಾಧ್ಯಾಯಿನಿ ಮಮತಾ ಅಕ್ಕಾರು ಆಗತಾನೆ ಗದಗಿನಲ್ಲಿ ಶಾಲಾ ಸುಧಾರಣೆಯ ತರಬೇತಿ ಮುಗಿಸಿಕೊಂಡು ಬಂದಿದ್ದರು. "ಶಾಲಿ ಎಲ್ಲಾರದು. ಅದಕ್ಕ ಇನ್ನ ಮ್ಯಾಲೆ ಎಲ್ಲಾರೂ ಕೂಡೇ ಠರಾಯಿಸೂದು. ಒಬ್ಬರು ಒಲ್ಲೆ ಅಂದ್ರೂ ಠರಾವು ಬಿತ್ತು" ಎಂದು ಸಾರಿದರು. "ಹೊಸ ಬೆಂಚು ಬಂದಾವ. ಸಂಜಿಯೊಳಗ ಖೋಲಿ ಖಾಲಿ ಆಗ್ಲಿಲ್ಲಂದ್ರ ಅವು ಬ್ಯಾರೆ ಊರಿಗೆ ಹೋಗ್ತಾವ. ಐದಕ್ಕ ಮತ್ತ ಕೂಡೂಣು. ತಾಯಂದಿರೂ ಬರಬೇಕು."

ಶಫೀಕ ಅವಮಾನವನ್ನು ನುಂಗಿಕೊಂಡು ನೇರ ಮೈಲಾರಪ್ಪನ ಮನೆಗೇ ಹೋದ.

"ತಗೀತೀನೋ ಮಾರಾಯ" ಎಂದ ಮೈಲಾರಪ್ಪ, ಬಸಿಯಿಂದ ಚಹಾ ಸೊರ್ರೆಂದು ಹೀರುತ್ತ. "ನಾ ಏನ್ ಶಾಲಿ ವೈರಿ ಏನು? ಖರೆ ಎಲ್ಲೆ ಇಡ್ಲಿ? ರೇಟ್ ಏರೂತನಕ ಕಾಯಬೇಕು. ನಮ್ಮ ಮನ್ಯಾಗ ಇಟ್ಟರ ವಾಸ್ನಿ."

ಶಫೀಕನ ಬಾಯಿ ಮನಸ್ಸಿಗಿಂತ ಮುಂದೆ ಓಡಿತು. "ನಮ್ಮ ಪಡಸಾಲ್ಯಾಗ ಇಡ್ರಿ ಯಜಮಾನ್ರ."

"ಭಲೇ ಸಾಹೇಬಾ!" ಮೈಲಾರಪ್ಪ ಬಸಿಯನ್ನು ಕೆಳಗಿಟ್ಟೇಬಿಟ್ಟ. ಬೆಳಿಗ್ಗೆ 'ಲೇ' ಆಗಿದ್ದವನು ಚಹಾ ಆರುವುದರೊಳಗೆ ಸಾಹೇಬನಾಗಿದ್ದ. ಶಫೀಕ ಓಣಿ ದಾಟುವ ಮೊದಲೇ ಟ್ರ್ಯಾಕ್ಟರ್ ಚಾಲೂ ಆದ ಸಪ್ಪಳ ಕೇಳಿಸಿತು.

ಸಂಘದ ಹನಮಂತವ್ವ ಇನ್ನೂ ಗಟ್ಟಿ. "ಯಪ್ಪಾ, ನಮ್ಮ ಹಂಡೆ, ಕೊಪ್ಪರಿಗಿ ಕಂಡ ಕಂಡವರ ಮನ್ಯಾಗ ಇಡಾಕ ಬರೂದಿಲ್ಲ. ಒಂದು ಸೌಟು ಹ್ವಾದ್ರೂ ಸಂಘ ಒಡೀತೈತಿ. ನಿನ್ನ ಹೇಣ್ತಿ ಗುಲ್ನಾಜ ನಮ್ಮ ಸಂಘದಾಕಿ. ಆಕಿ ಮನ್ಯಾಗ ಆದ್ರ ಆತು, ನಾ ಹೂಂ ಅಂತೀನಿ."

"ಆತು ತಗೋರಿ ಅವ್ವಾರ. ಅಡಗಿಮನಿ ಖಾಲೀನ ಐತಿ" ಎಂದ ಶಫೀಕ. ಅಡಿಗೆಮನೆ ಖಾಲಿ ಇದ್ದದ್ದು ಗುಲ್ನಾಜ ಬೆಳಿಗ್ಗೆಯೇ ಲಕ್ಷ್ಮೇಶ್ವರಕ್ಕೆ ತವರಿಗೆ ಹೋಗಿದ್ದಳೆಂಬ ಒಂದೇ ಕಾರಣಕ್ಕೆ.

ಹುಲಿಗೇಶನಂತೂ ಕೇಳುವ ಮೊದಲೇ ಡಬ್ಬಿ ಹೊರಿಸಿಕೊಂಡು ಬಂದ. "ಶಫೀಕಣ್ಣಾ, ಇವಕ್ಕ ಧೂಳು ಬಡೀಬಾರದು ನೋಡು. ನಿನ್ನ ಹತ್ತಿ ಮ್ಯಾಲೆ ಮೆತ್ತಗ ಕುಂಡ್ರಿಸ್ತೀನಿ."

ಮದುಮಕ್ಕಳ ಗಾದಿಗೆಂದು ಹಿಂಜಿಟ್ಟ ಹತ್ತಿಯ ಮೇಲೆ ಆಳೆತ್ತರದ ಡಬ್ಬಿಗಳು ಬೀಗರಂತೆ ಕಾಲು ಚಾಚಿ ಕುಳಿತವು. ಹಿಂಜುವ ಮಷೀನು ಬೀದಿಗೆ ಬಂತು. ಅದರ ಹಿಂದೆ ಕೋಳಿಗಳು ಬಂದವು. ಕೋಳಿಗಳ ಹಿಂದೆ ಶಫೀಕನ ತಾಯಿ ಮೋತಿಬಿ ಮಲಗುವ ಹೊರಸು, ಹೊರಸಿನ ಮೇಲೆ ಮೋತಿಬಿ.

"ಏನಪಾ, ಮನಿ ಮಾರಿದೇನು?" ಎಂದಳು ಮುದುಕಿ.

"ಇಲ್ಲಬೇ, ಶಾಲಿ ಸುಧಾರಣಿ ನಡದೈತಿ."

"ಹೌದಾ? ನಾ ಯಾವುದೋ ಜಪ್ತಿ ಅಂತ ತಿಳಕೊಂಡಿದ್ದೆ."

ಶಫೀಕ ಗುಲ್ನಾಜಳಿಗೆ ಫೋನ್ ಹಚ್ಚಿದ. "ಜಲ್ದಿ ಬಾ. ಬಸ್ ಇಳದಾಕಿನ ಶಾಲಿಗೇ ಬಾ. ನಿನ್ನೊಂದು ಕೈ ಕಡಿಮಿ ಬೀಳಬಾರದು." ಮನೆಯ ವಿಷಯ ಹೇಳಲು ಬಾಯಿ ತೆರೆದ. ಧೈರ್ಯ ಸಾಲದೆ, "ಹುಷಾರಿ, ಬಸ್ಸು ಗದ್ದಲ ಇರ್ತಾವು" ಎಂದು ಮುಗಿಸಿದ.

ಐದಕ್ಕೆ ಸಭೆ ತುಂಬಿತು. ಖಾಲಿ ಖೋಲಿಯ ಬಾಗಿಲು ಹಾರುಹೊಡೆದಿತ್ತು. ಮುನ್ನಿ ಒಳಗೆ ಹೋಗಿ ಗೋಡೆ ಮುಟ್ಟಿ ಮುಟ್ಟಿ ನೋಡಿ ಬಂದಳು. ಮಮತಾ ಅಕ್ಕಾರು ಠರಾವು ಓದಿದರು. ಕೈಗಳು ಜೋಳದ ಬೆಳೆಯ ಹಾಗೆ ಎದ್ದವು. ಮೈಲಾರಪ್ಪನಂತೂ ಎರಡೂ ಕೈ ಎತ್ತಿದ್ದ. ಶಫೀಕನ ಕಣ್ಣು ತುಂಬಿಬಂತು.

"ಒಲ್ಲೆ ಅನ್ನಾವ್ರು ಯಾರರ ಅದಾರೇನ್ರಿ?" ಅಕ್ಕಾರು ರಿವಾಜಿಗೆಂದು ಕೇಳಿದರು.

"ನಾ ಅದೀನ್ರಿ."

ಎಲ್ಲರೂ ತಿರುಗಿ ನೋಡಿದರು. ಗುಲ್ನಾಜ. ಕೈಯಲ್ಲಿ ತವರಿನ ಗಂಟು ಇನ್ನೂ ಹಾಗೇ ಇತ್ತು. ಗಂಟು ಇಟ್ಟು ಬರೋಣವೆಂದು ಮನೆಗೆ ಹೋದವಳಿಗೆ ಹೊಸ್ತಿಲ ಆಚೆ ಕಾಲಿಡಲು ಜಾಗ ಸಿಕ್ಕಿರಲಿಲ್ಲ.

"ಅಕ್ಕಾರ, ನನ್ನ ಮಗಳಿಗೆ ಖೋಲಿ ಬೇಕ್ರಿ. ಬ್ಯಾಡ ಅನ್ನಂಗಿಲ್ಲ. ಖರೆ ನಾ ಎಲ್ಲೆ ಒಲಿ ಹಚ್ಚಲಿ, ಕೊಪ್ಪರಿಗ್ಯಾಗ ಕುಂತೇನು? ಅವರವರ ಸಾಮಾನು ಅವರವರು ತಮ್ಮ ಮನಿಗೆ ಒಯ್ಯಲಿ. ಅದಕ್ಕಾದ್ರ ನನ್ನ ಕೈ ಮ್ಯಾಲೆ."

ಅಂಗಳದಲ್ಲಿ ಎದ್ದಿದ್ದ ಕೈಗಳೆಲ್ಲ ಒಂದೊಂದಾಗಿ ಇಳಿದವು. ಕೆಲವು ತಲೆ ಕೆರೆದುಕೊಳ್ಳುತ್ತ, ಕೆಲವು ಮೀಸೆ ತಿರುವುತ್ತ.

"ಅದಕ್ಕ ನಾ ಒಲ್ಲೆ" ಎಂದ ಮೈಲಾರಪ್ಪ. "ಒಬ್ಬರು ಒಲ್ಲೆ ಅಂದ್ರ ಠರಾವು ಬಿತ್ತು. ಕಾಯ್ದೇನ ಐತಲ್ರಿ ಅಕ್ಕಾರ?"

ಎರಡೂ ಠರಾವು ಬಿದ್ದವು. ಅಕ್ಕಾರು ಹಣೆ ಒತ್ತಿಕೊಂಡರು. ಒಂದಾದರೂ ಒಮ್ಮತವಿಲ್ಲದೆ ಸಭೆ ಮುಗಿಸಬಾರದೆಂದು ಗದಗಿನಲ್ಲಿ ಹೇಳಿಕೊಟ್ಟಿದ್ದರು. "ಯಾರರ ಒಂದು ದಾರಿ ಹೇಳ್ರೆಪಾ" ಎಂದರು.

ಮೈಲಾರಪ್ಪ ಗಂಟಲು ಸರಿಮಾಡಿಕೊಂಡ. "ಸಾಮಾನು ಎಲ್ಲಾ ಹೊಳ್ಳಿ ಖೋಲಿಗೇ ಬರ್ಲಿ. ಯಾವ ಚೀಲ ಎಲ್ಲೈತಿ, ಯಾವ ಭಾಂಡಿ ಯಾರದು, ನಮ್ಮ ಶಫೀಕ ಸಾಹೇಬ್ಗ ಪೂರಾ ಗೊತ್ತಾಗೇತಿ. ಒಳಗ ಇಡಿಸಿ, ಕೀಲಿ ಇಟಗೊಂಡು ಕಾಯೂ ಕೆಲಸ ಅವಗ ಕೊಡೂಣು."

ಹನಮಂತವ್ವನ ಕೈ ಎದ್ದಿತು. ಹುಲಿಗೇಶನದು ಎದ್ದಿತು. ಸಾಮಾನು ಮನೆ ಬಿಟ್ಟು ಹೋಗುವುದಾದರೆ ಸಾಕೆಂದು ಗುಲ್ನಾಜಳ ಕೈಯೂ, ಗಂಟಿನ ಸಮೇತ, ಎದ್ದಿತು. ಉಳಿದದ್ದು ಒಂದೇ ಕೈ.

ಶಫೀಕ ಒಲ್ಲೆ ಎನ್ನಲು ತುಟಿ ತೆರೆದ.

"ವಿಚಾರ ಮಾಡಿ ಹೇಳಪಾ" ಎಂದ ಮೈಲಾರಪ್ಪ, ಬಹಳ ಮೆತ್ತಗೆ. "ನೀ ಒಲ್ಲೆ ಅಂದ್ರ ಈ ಠರಾವೂ ಬೀಳ್ತೈತಿ. ಸಾಮಾನು ಎಲ್ಲೈತಿ ಅಲ್ಲೇ ಇರ್ತೈತಿ."

ಗುಲ್ನಾಜ ಗಂಡನನ್ನು ನೋಡಿದಳು. ಶಫೀಕನ ಕೈ ತಾನಾಗಿಯೇ ಮೇಲೆ ಹೋಯಿತು.

"ನಮ್ಮ ಶಾಲಿ ಪಹಿಲಾ ಒಮ್ಮತದ ಠರಾವು!" ಮಮತಾ ಅಕ್ಕಾರು ಚಪ್ಪಾಳೆ ತಟ್ಟಿದರು. ಊರೂ ತಟ್ಟಿತು. ಬೆಂಚುಗಳನ್ನು ಬೇರೆ ಊರಿಗೆ ಕಳಿಸಿರೆಂದು ಹೇಳಲು ಅವರು ಫೋನ್ ಹಿಡಿದು ಪಕ್ಕಕ್ಕೆ ಸರಿದರು. ಮುನ್ನಿ ಖೋಲಿಯ ಬಾಗಿಲನ್ನು ತಾನೇ ಎಳೆದು ಮುಚ್ಚಿದಳು.

ಮೈಲಾರಪ್ಪ ಇಷ್ಟು ದಿನ ತನ್ನ ಹತ್ತಿರವೇ ಇದ್ದ ಖೋಲಿಯ ಕೀಲಿಯನ್ನು ಶಫೀಕನ ಅಂಗೈಯಲ್ಲಿಟ್ಟು, ಎಲ್ಲರಿಗೂ ಕೇಳುವಂತೆ ಅಂದ: "ಐದನೇತ್ತಾಕ್ಕ ಬಿಟ್ಟಿದ್ದಿ. ಈಗ ನೋಡು, ಸೀದಾ ಶಾಲ್ಯಾಗ ನೌಕರಿ! ಇನ್ನೇನು ಬೇಕೋ ಸಾಹೇಬಾ?"

ಶಫೀಕ ಅವನ ಮುಖ ನೋಡಿದ. ಕೀಲಿಯನ್ನು ಬಿಗಿಯಾಗಿ ಹಿಡಿದ. ಆಮೇಲೆ ಮೊದಲನೆಯ ಚೀಲ ಹೊತ್ತು ತರಲು ಮನೆಯ ಕಡೆ ನಡೆದ.