ಹುಳ ತಿನ್ನುವುದರೊಳಗೆ ಓದು

ನಮ್ಮ ಭಾವನವರು ಪಾಠ ಹೇಳಿದರೆ ಕಲ್ಲಿಗೂ ವಿದ್ಯೆ ಹತ್ತುತ್ತದಂತೆ. ಹಾಗೆಂದು ಹೇಳುತ್ತಿದ್ದವರು ಬೇರಾರೂ ಅಲ್ಲ, ನಮ್ಮ ಭಾವನವರೇ! ಕಲ್ಲುಗಳ ವಿಷಯ ನನಗೆ ತಿಳಿಯದು. ಮಕ್ಕಳಿಗೆ ಹತ್ತಿದ್ದನ್ನಂತೂ ನಾನು ಬಹಳ ಕಾಲ ಕಾಣಲಿಲ್ಲ.

ಅದು ಯುದ್ಧದ ಕಾಲ. ಕೋಲಾರದ ಕಡೆಯ ವಿಜಯಪುರದ ಆಚೆಗಿದ್ದ ಒಂದು ಹಳ್ಳಿಯ ಪ್ರೈಮರಿ ಸ್ಕೂಲಿಗೆ ಅವರು ಹೆಡ್ ಮೇಷ್ಟ್ರು, ನಾನು ಅಸಿಸ್ಟೆಂಟು. ಅಂದರೆ ಅವರು ಎಡವಟ್ಟು ಮಾಡಬೇಕು, ನಾನು ಸರಿಮಾಡಬೇಕು. ಅಕ್ಕನ ಗಂಡ ಬೇರೆ! ಬೈಯುವಂತಿಲ್ಲ, ಬಿಟ್ಟು ಓಡುವಂತಿಲ್ಲ. ಬೆತ್ತ ಕಂಡರೆ ಅವರಿಗೆ ಆಗದು. ಸ್ಕೂಲಿನ ಬೆತ್ತವನ್ನು ನಾಯಿ ಓಡಿಸುವುದಕ್ಕೆಂದು ಅಕ್ಕನ ಕೈಗೆ ಕೊಟ್ಟುಬಿಟ್ಟಿದ್ದರು.

"ಹೊಡೆದು ಕಲಿಸೋಕೆ ಅವೇನು ಎತ್ತುಗಳೇನಯ್ಯ?" ಎನ್ನುತ್ತಿದ್ದರು.

"ಎತ್ತಾದ್ರೆ ಇಷ್ಟು ಹೊತ್ತಿಗೆ ಕಲಿತಿರೋದು ಭಾವ" ಎನ್ನುತ್ತಿದ್ದೆ ನಾನು.

ಅವರಿಗಿದ್ದ ಚಟ ಒಂದೇ, ನಶ್ಯ. ಒಂದು ಚಿಟಿಕೆ ಮೂಗಿಗೇರಿಸಿದರೆ ಸಾಕು, ಪಾಠ ಹೇಳುವುದಕ್ಕೆ ಒಂದು ಹೊಸ ಉಪಾಯ ಹೊಳೆಯುತ್ತಿತ್ತು. ಆ ಡಬ್ಬಿ ಸೊಂಟದಿಂದ ಹೊರಬಂದರೆ ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಒಮ್ಮೆ ಭೂಗೋಳಕ್ಕೆಂದು ಅಂಗಳದ ತುಂಬ ಮಣ್ಣು ಕಲಸಿ ಮೈಸೂರು ಸಂಸ್ಥಾನವನ್ನೇ ಮಾಡಿಸಿದರು. ಬೆಟ್ಟಕ್ಕೆ ಮಣ್ಣಿನ ಗುಡ್ಡೆ, ಕಾವೇರಿಗೆ ತಂಬಿಗೆ ನೀರು. ಚೆನ್ನಾಗಿಯೇ ಇತ್ತೆನ್ನಿ. ಮಧ್ಯಾಹ್ನ ಪಟೇಲರ ಎಮ್ಮೆಯೊಂದು ಬಂದು ಕೋಲಾರದ ಮೇಲೆ ನಿಂತು ತನ್ನ ಕೆಲಸ ಮುಗಿಸಿ ಹೋಯಿತು. ಆ ವಾರವೇ ಇನ್ಸ್‌ಪೆಕ್ಟರ್ ಸಾಹೇಬರು ಬರಬೇಕೇ! ಬಂದವರು ಕೇಳಿದ್ದಾದರೂ ಏನು?

"ಕೋಲಾರದಲ್ಲಿ ಏನು ಸಿಗುತ್ತೆ?"

ಚಿನ್ನದ ಮಾತನ್ನು ಯಾರು ನೆನೆಯುತ್ತಾರೆ? ಇಡೀ ತರಗತಿ ಒಂದೇ ದನಿಯಲ್ಲಿ, "ಸಗಣಿ ಸಾರ್" ಎಂದಿತು.

ಸಾಹೇಬರು ನಗಲಿಲ್ಲ. ಪುಸ್ತಕ ತೆಗೆಸಿ ಓದಿಸಿದರು. ಒಂದು ಸಾಲನ್ನು ನೆಟ್ಟಗೆ ಓದಿದ ಮಗುವಿಲ್ಲ. "ಮುಂದಿನ ಸಲ ಬಂದಾಗ್ಲೂ ಹೀಗೇ ಇದ್ರೆ ಸ್ಕೂಲು ಮುಚ್ಚೋಕೆ ಬರೆದುಬಿಡ್ತೀನಿ" ಎಂದು ಹೇಳಿ ಹೊರಟರು. ಮುಚ್ಚಿದರೆ ಆ ಚಿಕ್ಕ ಮಕ್ಕಳು ವಿಜಯಪುರದವರೆಗೆ ನಡೆಯುವುದುಂಟೇ? ಎಲ್ಲವೂ ದನದ ಹಿಂದೆ, ಇಲ್ಲವೇ ಹಿಪ್ಪುನೇರಳೆ ಸೊಪ್ಪಿನ ಹೊಲಕ್ಕೆ. ಅಂದು ರಾತ್ರಿ ಭಾವನವರು ಊಟ ಬಿಟ್ಟರು.

ಬಿಟ್ಟದ್ದು ಊಟವನ್ನು ಮಾತ್ರ, ಉಪಾಯಗಳನ್ನಲ್ಲ. ಮರುದಿನವೇ ಕಳೆಯುವ ಲೆಕ್ಕ ಕಲಿಸಲು ಅಕ್ಕ ಬೀಜಕ್ಕೆಂದು ಇಟ್ಟಿದ್ದ ಕಡಲೆಕಾಯಿ ಮೂಟೆ ಸ್ಕೂಲಿಗೆ ಹೋಯಿತು. ಹತ್ತರಲ್ಲಿ ಮೂರು ತಿಂದರೆ ಉಳಿದದ್ದೆಷ್ಟು? "ಏನೂ ಇಲ್ಲ ಸಾರ್" ಎಂದವು ಮಕ್ಕಳು, ಬಾಯಿ ತುಂಬ ಅಗಿಯುತ್ತ. ಖಾಲಿ ಚೀಲ ನೋಡಿದ ಅಕ್ಕ, "ಕಳೆಯೋದನ್ನ ಊರಿಗೆಲ್ಲ ಕಲಿಸಿದ್ದಾಯ್ತಲ್ಲ. ಕೂಡೋ ಲೆಕ್ಕ ಒಂದು ನಂಗೆ ಹೇಳ್ಕೊಡಿ, ಸಂಸಾರಕ್ಕೆ ಬೇಕು" ಎಂದಳು.

ಅಷ್ಟರಲ್ಲಿ ಹುಳದ ಕಾಲ ಬಂತು. ಆ ಸೀಮೆಯಲ್ಲಿ ಮನೆಮನೆಯಲ್ಲೂ ರೇಷ್ಮೆಹುಳ. ಗೂಡು ಕಟ್ಟುವ ಮುಂಚೆ ಅವು ಹಗಲಿರುಳೂ ಹಿಪ್ಪುನೇರಳೆ ಸೊಪ್ಪು ಮೇಯುತ್ತವೆ. ಪ್ಯಾರಚೂಟಿಗೆ ರೇಷ್ಮೆ ಬೇಕೆಂದು ಬೆಲೆ ಏರಿದ್ದ ಕಾಲ ಬೇರೆ. ಸೊಪ್ಪು ತರಲು ಮಕ್ಕಳನ್ನೆಲ್ಲ ಮನೆಯಲ್ಲೇ ನಿಲ್ಲಿಸಿಕೊಂಡರು. ಸ್ಕೂಲಿನಲ್ಲಿ ಉಳಿದವರು ನಾನು, ಭಾವನವರು ಮತ್ತು ಗೋಡೆಯ ಮೇಲಿನ ಹಲ್ಲಿ.

ಡಬ್ಬಿ ಹೊರಬಂತು. "ಮಕ್ಕಳು ಸ್ಕೂಲಿಗೆ ಬರ್ದಿದ್ರೆ ಸ್ಕೂಲೇ ಮಕ್ಕಳ ಹತ್ರ ಹೋಗ್ಬೇಕು ಕಣಯ್ಯ" ಎಂದರು.

ಹೋದದ್ದು ಮುನಿಶಾಮಪ್ಪನ ಮನೆಗೆ. ಅವನ ಮಗಳು ಪಿಳ್ಳಮ್ಮ ನಮ್ಮ ಸ್ಕೂಲಿನವಳು. ಅಕ್ಷರ ಕಂಡರೆ ಕಣ್ಣು ತುಂಬಿಕೊಂಡು ಕೂರುತ್ತಿದ್ದ ಹುಡುಗಿ. ಭಾವನವರು ಹುಳದ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೊಪ್ಪನ್ನು ಉಗುರಿನಿಂದ ಕತ್ತರಿಸಿ ಅಕ್ಷರ ಮಾಡಿ ಹುಳಗಳ ಮೇಲಿಟ್ಟರು. "ಹುಳ ತಿನ್ನೋದ್ರೊಳಗೆ ಓದ್ಬೇಕಮ್ಮ. ತಿಂದ್ರೆ ಹುಳ ಗೆದ್ದಂಗೆ."

ನಂಬುತ್ತೀರೋ ಇಲ್ಲವೋ, ಹುಡುಗಿ ಗೆದ್ದಳು! ಸುತ್ತಲ ಮನೆಗಳ ಮಕ್ಕಳೂ ಬಂದು ತಟ್ಟೆಯ ಸುತ್ತ ಮುತ್ತಿದವು. ಮೊದಲ ದಿನ ಒಂದೊಂದೇ ಅಕ್ಷರ, ಮರುದಿನಗಳಲ್ಲಿ ಮಾತು, ಆಮೇಲೆ ಒತ್ತಕ್ಷರಗಳು. ಹುಳಗಳಿಗೆ ಒತ್ತೆಂದರೆ ಬಹಳ ಪ್ರೀತಿ, ಮೊದಲು ಅದನ್ನೇ ಮುಗಿಸುತ್ತಿದ್ದವು. ಆದರೂ ಪಿಳ್ಳಮ್ಮ ಬಿಡಲಿಲ್ಲ. ಭಾವನವರು ದಾರಿಯುದ್ದಕ್ಕೂ, "ಓದ್ತಾರೆ ಕಣಯ್ಯ, ಓದ್ತಾರೆ" ಎನ್ನುತ್ತ ಬಂದರು. ಸ್ಕೂಲು ಉಳಿಯಿತೆಂದು ಅಂದು ನಾನೂ ನಂಬಿದೆ. ನಂಬಬಾರದಿತ್ತು.

ಹೀಗೇ ಕೆಲವು ದಿನ ಕಳೆದು ಒಂದು ಬೆಳಿಗ್ಗೆ ನಾವು ಹೋದಾಗ ಮುನಿಶಾಮಪ್ಪ ತಟ್ಟೆಯಿಂದ ಸತ್ತ ಹುಳ ಆರಿಸುತ್ತಿದ್ದ. ಹುಳಗಳು ಸೊಪ್ಪು ಮುಟ್ಟದೆ, ತಲೆಯೆತ್ತಿ, ಬಾಯಲ್ಲಿ ಹಸಿರು ನೀರು ಕಾರುತ್ತ ಬಿದ್ದಿದ್ದವು. ತಟ್ಟೆ ತಟ್ಟೆಯೇ ಹೋಗಿತ್ತು. ಮುನಿಶಾಮಪ್ಪನ ತಾಯಿ ಪಿಳ್ಳಮ್ಮನನ್ನು ತೋರಿಸಿ, "ಇವ್ಳಿಂದ್ಲೇ ಕಣಪ್ಪ. ಸೊಪ್ಪಿನ ಮ್ಯಾಲೆ ಸರಸ್ವತೀನ ಕೂರ್ಸಿ ಹುಳಕ್ಕೆ ತಿನ್ಸುದ್ರೆ ಉಳೀತದಾ? ಹೆಣ್ಣಿಗ್ಯಾಕೆ ಬೇಕಾಗಿತ್ತು ಅಕ್ಸರ?" ಎಂದಳು. ಮುನಿಶಾಮಪ್ಪ ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗಿ ಮೂಲೆಯಲ್ಲಿ ಮೊಣಕಾಲಿಗೆ ಮುಖವಿಟ್ಟುಕೊಂಡು ಕೂತಿದ್ದಳು.

ಆಗ ನೆರೆಯವನೊಬ್ಬ ಬಾಗಿಲಿಗೆ ಬಂದ. ಮುನಿಶಾಮಪ್ಪ ಅವನನ್ನು ಅಲ್ಲೇ ತಡೆದು, "ಬಾಯಲ್ಲಿರೋ ಹೊಗೆಸೊಪ್ಪು ಉಗುದು, ಕೈ ತೊಳ್ಕೊಂಡು ಬಾರಪ್ಪ. ಹೊಗೆಸೊಪ್ಪು ಸೋಕುದ್ರೆ ಹುಳ ಸಾಯ್ತವೆ. ಇರೋ ನಾಕಾದ್ರೂ ಉಳೀಲಿ" ಎಂದ.

ಭಾವನವರ ಕೈ ಅಭ್ಯಾಸದಂತೆ ಸೊಂಟದ ಡಬ್ಬಿಗೆ ಹೋಗಿತ್ತು. ಅದು ಅಲ್ಲೇ ನಿಂತಿತು. ತಮ್ಮ ಬೆರಳುಗಳನ್ನು ನೋಡಿಕೊಂಡರು. ನಶ್ಯವೂ ಹೊಗೆಸೊಪ್ಪೇ ಅಲ್ಲವೇ! ನಾವಿಬ್ಬರೂ ನೆಲಮಂಗಲದ ಕಡೆಯ ರಾಗಿಹೊಲದವರು, ಹುಳದ ರೀತಿ ನಮಗೇನು ಗೊತ್ತು? ಇನ್ನು ಮೇಷ್ಟ್ರು ಮನೆಗೆ ಬಂದರೆ ಕೈ ಮೂಸಿ ನೋಡುವವರು ಯಾರು?

ನಾನು ಅವರನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. "ಭಾವ, ದಮ್ಮಯ್ಯ, ಬಾಯಿ ಬಿಡ್ಬೇಡಿ. ಊರಿಗೆ ಗೊತ್ತಾದ್ರೆ ಒಂದು ಮಗುವೂ ಬರಲ್ಲ. ಸ್ಕೂಲು ಹೋಯ್ತು ಅಂತಲೇ ಲೆಕ್ಕ."

"ಗೊತ್ತು ಕಣಯ್ಯ" ಎಂದರು.

"ಮತ್ತೆ?"

"ಆ ಮಗು ಅದನ್ನ ಹೊತ್ಕೊಂಡು ಬದುಕ್ಬೇಕೇನಯ್ಯ?"

ಒಳಗೆ ಹೋಗಿ ನಶ್ಯದ ಬೆರಳುಗಳನ್ನು ಮುನಿಶಾಮಪ್ಪನ ಮುಖದ ಮುಂದೆ ಹಿಡಿದು ಎಲ್ಲವನ್ನೂ ಹೇಳಿದರು. "ನಿನ್ನ ಮಗಳದ್ದೇನೂ ತಪ್ಪಿಲ್ಲಪ್ಪ. ಕೊಂದಿದ್ದು ನಾನು." ಮುನಿಶಾಮಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ಹೊಂಟೋಗಿ ಮೇಷ್ಟ್ರೇ" ಎಂದ, ಅಷ್ಟೆ.

ನಾನು ಹೇಳಿದ್ದೇ ಆಯಿತು. ಹುಳದ ಕಾಲ ಮುಗಿದರೂ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಭಾವನವರು ಮನೆಮನೆಯ ಬಾಗಿಲಿಗೆ ಹೋಗಿ ನಿಂತು ಬಂದರು. ಕೆಲವರು ನೀರು ಕೊಟ್ಟರು, ಮಕ್ಕಳನ್ನು ಕೊಡಲಿಲ್ಲ. ದಿನವೂ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿ, ಖಾಲಿ ಚಾಪೆಗಳ ಮುಂದೆ ಸಂಜೆಯವರೆಗೆ ಕೂರುತ್ತಿದ್ದರು. ಹೊಸ ಉಪಾಯ ಒಂದೂ ಇಲ್ಲ. ಅವರ ಉಪಾಯಗಳಿಗೆ ಹೆದರಿ ಬದುಕಿದ್ದ ನಾನು, ದೇವರೇ, ಹಾಳಾದದ್ದು ಒಂದಾದರೂ ಹೊಳೆಯಲಿ ಎಂದು ಬೇಡಿಕೊಂಡೆ. ಸಾಹೇಬರು ಬಂದರು, ನೋಡಿದರು, ಬರೆದರು. ಸ್ಕೂಲು ಮುಚ್ಚಿತು. ಭಾವನವರಿಗೆ ಮಾಕಳಿದುರ್ಗದ ಕಡೆಗೆ ವರ್ಗವಾಯಿತು, ನನ್ನನ್ನು ಇನ್ನೆಲ್ಲಿಗೋ ಹಾಕಿದರು.

ಪಾತ್ರೆ ಪಗಡೆ ಗಾಡಿಗೇರಿಸಿ ಹೊರಟ ಬೆಳಿಗ್ಗೆ ಊರಿನವರು ಯಾರೂ ಬರಲಿಲ್ಲ. ಭಾವನವರು ತಲೆ ತಗ್ಗಿಸಿ ಗಾಡಿಯ ಪಕ್ಕ ನಡೆಯುತ್ತಿದ್ದರು. "ನಿಜ ಹೇಳಯ್ಯ, ಈ ಊರಿಗೆ ನಾನು ಬರದೇ ಇದ್ದಿದ್ರೇ ಚೆನ್ನಾಗಿತ್ತಲ್ವೇ?" ಎಂದು ಕೇಳಿದರು. ವರ್ಷಗಟ್ಟಲೆ ಅವರನ್ನು ಹಂಗಿಸಿದ ನಾನು ಗಾಡಿಯ ಹಗ್ಗವನ್ನು ಮತ್ತೊಮ್ಮೆ ಬಿಗಿಮಾಡಿದೆ.

ಊರಾಚೆಯ ಬಾವಿಯ ಹತ್ತಿರ ಮುನಿಶಾಮಪ್ಪ ದಾರಿಗೆ ಅಡ್ಡ ನಿಂತಿದ್ದ. ಕೈಯಲ್ಲಿ ಪಿಳ್ಳಮ್ಮನ ಕೈ. ಮುಖ ಗಂಟಿಕ್ಕಿತ್ತು. ಇನ್ನೇನು ಕಾದಿದೆಯೋ ಎಂದು ಅಕ್ಕ ನನ್ನ ತೋಳು ಹಿಡಿದುಕೊಂಡಳು.

"ಮೇಷ್ಟ್ರೇ, ಇವ್ಳು ಓದಾದು ಬಿಡ್ತಿಲ್ಲ" ಎಂದ. "ಸಂತೇಲಿ ಅಂಗಡಿ ಬೋಲ್ಡು ಓದ್ತಾಳೆ. ಬೆಂಕಿಪೊಟ್ಣ ಓದ್ತಾಳೆ. ಉಪ್ಪು ಕಟ್ಟಿರೋ ಕಾಗ್ದ ಬಿಚ್ಚಿ, ಉಪ್ಪು ಚೆಲ್ಲಿ, ಓದ್ತಾಳೆ. ಹೇಳಿ ನೋಡ್ದೆ, ಬೈದು ನೋಡ್ದೆ. ಇದನ್ನ ನಿಲ್ಸಾದು ಹೆಂಗೆ?"

ಭಾವನವರು ಬಗ್ಗಿ ಪಿಳ್ಳಮ್ಮನ ಮುಖ ನೋಡಿದರು. "ಅದಕ್ಕೆ ನನ್ನ ಹತ್ರ ಉಪಾಯ ಇಲ್ಲಪ್ಪ" ಎಂದರು.

ಹುಡುಗಿಯ ತಲೆ ನೇವರಿಸಲು ಕೈ ಚಾಚಿದರು. ಅರ್ಧದಲ್ಲಿ ತಮ್ಮ ಬೆರಳುಗಳನ್ನು ಕಂಡವರೇ ಸರಕ್ಕನೆ ಹಿಂದಕ್ಕೆಳೆದುಕೊಂಡರು. ಮುನಿಶಾಮಪ್ಪ ಒಂದು ಹೆಜ್ಜೆ ಮುಂದೆ ಬಂದು, ಆ ಕೈಯನ್ನು ಹಿಡಿದು, ಮಗಳ ತಲೆಯ ಮೇಲಿಟ್ಟ.