ಯಾವ ‘ನಾವು’?

ಕನ್ನಡ ಮೇಷ್ಟ್ರ ಮನೆಯಲ್ಲಿ ಕೆಡುವಷ್ಟು ಕನ್ನಡ ಬೇರೆಲ್ಲೂ ಕೆಡುವುದಿಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ಅರಸೀಕೆರೆಯ ಶಾಲೆಯಲ್ಲಿ ದಿನವಿಡೀ ಊರ ಮಕ್ಕಳ ವ್ಯಾಕರಣ ತಿದ್ದಿ ಮನೆಗೆ ಬಂದರೆ, ನಾಲ್ಕು ವರ್ಷದ ಮಗಳು ಪದ್ಮ ಬಾಗಿಲಲ್ಲೇ, “ಅಪ್ಪಾ, ನಾವುಗಳು ದೋಸೆ ತಿಂದ್ವಿ” ಎನ್ನುತ್ತಿದ್ದಳು. ‘ನಾವು’ ಎಂಬುದೇ ಬಹುವಚನ. ಅದಕ್ಕೆ ಮತ್ತೆ ‘ಗಳು’ ಯಾಕೆ? ತಿದ್ದಿದೆ, ಗದರಿದೆ, ಬೆಲ್ಲದ ಆಸೆ ತೋರಿಸಿದೆ. ಊಹೂಂ. ನನ್ನ ಹೆಂಡತಿ ಸೇಲಂ ಕಡೆಯವಳು, ಮಗಳೊಂದಿಗೆ ಅವಳ ಮಾತೆಲ್ಲ ತಮಿಳಿನಲ್ಲೇ. ಎರಡು ಭಾಷೆ ಒಂದೇ ಪುಟ್ಟ ತಲೆಯೊಳಗೆ ಕಲಸಿಹೋಗಿವೆ ಎಂದು ತೀರ್ಮಾನಿಸಿ, ತಪ್ಪನ್ನು ಸೇಲಂ ಮೇಲೆ ಹೊರಿಸಿ ನಿಶ್ಚಿಂತನಾಗಿದ್ದೆ. ವಿಚಿತ್ರವೆಂದರೆ, ಪದ್ಮ ಒಮ್ಮೊಮ್ಮೆ ಸರಿಯಾಗಿ ‘ನಾವು’ ಎಂದೂ ಹೇಳುತ್ತಿದ್ದಳು. ಯಾವಾಗ, ಯಾಕೆ ಎಂಬುದು ಮಾತ್ರ ನನಗೆ ಹೊಳೆಯುತ್ತಿರಲಿಲ್ಲ.

ಒಂದು ಶನಿವಾರ ಪಕ್ಕದ ಮನೆಯ ಗಂಗಮ್ಮನವರಿಗೆ, “ನಾಳೆ ನಾವು ಬೇಲೂರಿಗೆ ಹೋಗ್ತೀವಿ” ಎಂದೆ. ಗಂಡ ತೀರಿಕೊಂಡ ಮೇಲೆ ತೆಂಗಿನ ತೋಟ ಬಿಟ್ಟು ಎಲ್ಲಿಗೂ ಹೋಗದ ಹೆಂಗಸು ಅವರು. ಮಾರನೆಯ ಬೆಳಿಗ್ಗೆ ನೋಡಿದರೆ, ಹೊಸ ಸೀರೆಯುಟ್ಟು, ರೊಟ್ಟಿಗಂಟು ಹಿಡಿದು ನಮಗಿಂತ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾರೆ!

“ನೀವು ಕರೆದ್ರಿ ಅಂತ ನಿಮ್ಮ ಕೂಸು ಬಂದು ಹೇಳ್ತು ಮೇಷ್ಟ್ರೇ. ರೊಟ್ಟಿ ನಿಮಗೂ ಐತೆ.”

ನಾನು ಪದ್ಮಳತ್ತ ತಿರುಗಿದೆ. “ನಾನ್ಯಾವಾಗ ಕರೆದೆನೇ?”

“ನೀವೇ ‘ನಾವು’ ಅಂದ್ರಲ್ಲಪ್ಪಾ! ಅಜ್ಜೀನ ಬಿಟ್ಟು ಹೋಗೋದಾದ್ರೆ ‘ನಾವುಗಳು’ ಅನ್ಬೇಕಿತ್ತು.”

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ನಮ್ಮ ತಮಿಳಲ್ಲಿ ಎರಡಿದೆ ಕಣ್ರೀ. ಕೇಳ್ತಾ ಇರೋರೂ ಸೇರಿದ್ರೆ ‘ನಾಮ’, ಅವರನ್ನ ಬಿಟ್ರೆ ‘ನಾಂಗ’. ಕನ್ನಡದಲ್ಲಿ ಒಂದೇ ಇದೆಯಲ್ಲ, ಇನ್ನೊಂದನ್ನ ಇವಳೇ ಮಾಡ್ಕೊಂಡಿದಾಳೆ.”

ಅಂದರೆ, ನಾನಿಲ್ಲದಾಗ ತಾಯಿ ಮಗಳು ತಿಂದ ದೋಸೆಗೆ ‘ನಾವುಗಳು’! ಹುಡುಗಿಯ ತಲೆಯಲ್ಲಿ ಏನೂ ಕಲಸಿರಲಿಲ್ಲ; ಒಂದು ಭಾಷೆಯ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಂಡಿದ್ದಳು. ನಾನು ಬೆರಗಾಗಿ ನಿಂತಿರುವಾಗ ಗಂಗಮ್ಮನವರ ಮುಖ ಬಾಡಿತು. “ಹಂಗಾರೆ ನನ್ನ ಕರೆದಿಲ್ವಾ? ಬತ್ತೀನಿ ಮೇಷ್ಟ್ರೇ, ತೋಟದಾಗೆ ಕೆಲ್ಸ ಐತೆ” ಎಂದು ಗಂಟು ಎತ್ತಿಕೊಂಡರು. “ಕರೆದಿದ್ದೇನೆ, ಕರೆದಿದ್ದೇನೆ!” ಎಂದು ಗಂಟು ಕಸಿದುಕೊಂಡು ಬಸ್ ಹತ್ತಿಸಿದೆ.

ಬೇಲೂರಿನ ಕಲ್ಲಿನ ಹೆಂಗಸರ ಒಡವೆಗಳನ್ನೆಲ್ಲ ಗಂಗಮ್ಮನವರು ಒಂದೂ ಬಿಡದೆ ನೋಡಿದರು. ಸಂಜೆ ಹಿಂದಿರುಗುವಾಗ ಬಸ್ಸು ಹಳೇಬೀಡಿನಲ್ಲಿ ನಿಂತಿತು. ಕಿಟಕಿಯಿಂದ ಇಣುಕಿ, “ಇಲ್ಲಿಗೆ ಯಾವಾಗ ಮೇಷ್ಟ್ರೇ?” ಎಂದರು. ಪದ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಸರ್ವನಾಮದ ಸಹವಾಸವೇ ಬೇಡವೆಂದು ಜಾಣತನದಿಂದ, “ನೋಡೋಣ, ಯಾವಾಗಲಾದರೂ ಹೋಗೋಣ” ಎಂದೆ.

“ಅಜ್ಜೀ,” ಎಂದು ಮಗಳು ಚಪ್ಪಾಳೆ ತಟ್ಟಿದಳು, “‘ಹೋಗೋಣ’ ಅಂದ್ರು, ನಿಮ್ಮನ್ನೂ ಸೇರಿಸಿಬಿಟ್ರು!”